ಮೇಕ್ ಇನ್‌ಸ್ಟಾಲ್ ಕೊಟ್ಟಾಗ ಯಾವ ಕೈಪಿಡಿ ಹೋಗಬೇಕು?

ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಸಣ್ಣ ಕಮಾಂಡ್‌ಲೈನ್ ತಂತ್ರಾಂಶವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಅದರ ಇಂಗ್ಲಿಷ್ ಕೈಪಿಡಿ ಟೆಕ್ಸಿನ್ಫೋ ಎಂಬ, ಕೈಪಿಡಿ ಬರೆಯುವ ರೂಪದಲ್ಲಿದೆ. ಆ ಒಂದು ಮೂಲದಿಂದ ಇನ್ಫೋ (ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲೇ ಓದುವ ರೂಪ), ಎಚ್‌ಟಿಎಂಎಲ್, ಪಿಡಿಎಫ್ ಮೂರನ್ನೂ ತೆಗೆಯಬಹುದು. ಮೂರನ್ನೂ ಎಲ್ಲರ ಯಂತ್ರಕ್ಕೂ ಕಳಿಸಬೇಕೇ? ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ನಿಯಮದಂತೆ, ತಂತ್ರಾಂಶವನ್ನು ಯಂತ್ರಕ್ಕೆ ಹಾಕುವ ಆದೇಶವಾದ ಮೇಕ್ ಇನ್‌ಸ್ಟಾಲ್ ಕೊಟ್ಟರೆ ಈ ಮೂರರಲ್ಲಿ ಇನ್ಫೋ ಮಾತ್ರ ಹೋಗುತ್ತದೆ. ಎಚ್‌ಟಿಎಂಎಲ್, ಪಿಡಿಎಫ್ ಬೇಕಾದವರು ಬೇರೆ ಆದೇಶ ಕೊಟ್ಟು ಹಾಕಿಸಿಕೊಳ್ಳಬೇಕು. ನಾನು ಅಲ್ಲಿಂದಲೇ ಶುರುಮಾಡಿದೆ.

ಮೊದಲ ಸ್ಥಾನ ಮಾತ್ರ ಮ್ಯಾನ್ ಪುಟಕ್ಕೆ, ಅಂದರೆ ಟರ್ಮಿನಲ್‌ನಲ್ಲಿ ಮ್ಯಾನ್ ಎಂಬ ಆದೇಶ ಕೊಟ್ಟರೆ ತೆರೆಯುವ ಚಿಕ್ಕ ಕೈಪಿಡಿಗೆ. ದೂರದ ಸರ್ವರಿಗೆ ಎಸ್‌ಎಸ್‌ಎಚ್ (ಟರ್ಮಿನಲ್‌ನಿಂದಲೇ ಬೇರೆ ಯಂತ್ರದೊಳಗೆ ಹೋಗುವ ವಿಧಾನ) ಮೂಲಕ ಹೋದವರ ಮುಂದೆ ಬ್ರೌಸರ್ ಇರುವುದಿಲ್ಲ, ಆಯ್ಕೆಯೊಂದು ನೆನಪಾಗದೆ ನಿಲ್ಲುವುದು ಅಲ್ಲೇ. 1971ರ ಯುನಿಕ್ಸ್ ಕೈಪಿಡಿಯ ಕಾಲದಿಂದ ಬಂದ ಈ ರೂಪವನ್ನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ನೀತಿ ಇವತ್ತಿಗೂ ಪ್ರತಿ ಪ್ರೋಗ್ರಾಮಿಗೂ ಕೇಳುತ್ತದೆ. ಟೆಕ್ಸಿನ್ಫೋದಿಂದ ನೇರವಾಗಿ ಮ್ಯಾನ್ ಪುಟ ಬರುವುದಿಲ್ಲವಾದ್ದರಿಂದ ಅದನ್ನು ಕೈಯಾರೆ ಬರೆದೆ. ಆಯ್ಕೆಗಳು, ನಿರ್ಗಮನ ಸಂಕೇತಗಳು (ಕೆಲಸ ಸರಿಯಾಗಿ ಮುಗಿಯಿತೋ ಇಲ್ಲವೋ ಎಂದು ಪ್ರೋಗ್ರಾಂ ಕೊನೆಗೆ ಹೇಳುವ ಅಂಕಿಗಳು), ಹಾಗೇ ಓಡಿಸಿ ನೋಡಬಹುದಾದ ಉದಾಹರಣೆಗಳು ಅದರಲ್ಲಿವೆ.

ಕನ್ನಡ ಕೈಪಿಡಿಯ ವಿಷಯದಲ್ಲಿ ಇದೇ ತರ್ಕ ನಡೆಯಲಿಲ್ಲ. ಕನ್ನಡದ ಮ್ಯಾನ್ ಪುಟಗಳಿಗೆ ಪ್ರತ್ಯೇಕ ಫೋಲ್ಡರ್ ಇಡಲು ಅವಕಾಶವಿದೆ, ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡವರಿಗೆ ಮೊದಲು ಅದೇ ತೆರೆಯುತ್ತದೆ. ಆದರೆ ಟರ್ಮಿನಲ್ ಎಂದರೆ ಸಮ ಅಗಲದ ಚೌಕಗಳ ಸಾಲು. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಆರು ಯೂನಿಕೋಡ್ ಸಂಕೇತಗಳಿವೆ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಇಂಥ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ ಇಲ್ಲವೇ ಒಂದರ ಮೇಲೊಂದು ಕೂರುತ್ತವೆ. ಫೈರ್‌ಫಾಕ್ಸ್, ಕ್ರೋಮ್‌ಗಳ ಒಳಗಿರುವ, ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಅದೇ ಪಠ್ಯವನ್ನು ಸರಿಯಾಗಿ ಕೂಡಿಸಿ ತೋರಿಸುತ್ತದೆ. ಓದಲಾಗದ ಕನ್ನಡವನ್ನು ಇನ್‌ಸ್ಟಾಲ್ ಮಾಡುವುದು ಭಾಷೆಗೆ ಮಾಡುವ ಸೇವೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕನ್ನಡ ಕೈಪಿಡಿ ಎಚ್‌ಟಿಎಂಎಲ್‌ನಲ್ಲೇ ಹೋಗುತ್ತದೆ, ಅದೂ ತಾನಾಗಿಯೇ.

ಪಿಡಿಎಫ್ ತಾನಾಗಿ ಹೋಗುವುದಿಲ್ಲ. ಅದನ್ನು ತಯಾರಿಸಲು ಪುಟ ಜೋಡಿಸುವ ಟೆಕ್ ತಂತ್ರಾಂಶ ಬೇಕು, ಅದರ ಪೂರ್ತಿ ಸಂಗ್ರಹವಾದ ಟೆಕ್ ಲೈವ್ ಹಲವು ಗಿಗಾಬೈಟ್ ತೂಗುತ್ತದೆ. ಕಡತದೊಳಗೆ ತಯಾರಾದ ಸಮಯ ಸೇರಿಕೊಳ್ಳುವುದರಿಂದ, ಆ ಸಮಯವನ್ನು ಒಂದೇ ಬೆಲೆಗೆ ನಿಲ್ಲಿಸದಿದ್ದರೆ ಒಂದೇ ಮೂಲದಿಂದ ಎರಡು ಸಲ ಮಾಡಿದ ಪ್ಯಾಕೇಜುಗಳು ಬೈಟಿಗೆ ಬೈಟ್ ಹೊಂದುವುದಿಲ್ಲ. ಕನ್ನಡ ಪಿಡಿಎಫ್‌ನಿಂದ ಸಾಲೊಂದನ್ನು ನಕಲಿಸಿದರೆ ಅಕ್ಷರಗಳು ಎಷ್ಟೋ ಸಲ ಹಿಂದುಮುಂದಾಗಿ ಬರುವುದಂತೂ ನಮಗೆಲ್ಲ ಗೊತ್ತೇ ಇದೆ. ಮುದ್ರಿಸಿ ಹಂಚುವ ಮೇಷ್ಟ್ರುಗಳಿಗೆ ಬೇಕಾಗುತ್ತದೆಂದು ಆದೇಶವನ್ನು ಉಳಿಸಿದ್ದೇನೆ, ಅಷ್ಟೆ.

ಡೆಬಿಯನ್ ಪ್ಯಾಕೇಜ್ ಮಾಡುವಾಗ ದೊಡ್ಡದಾದ ಇಂಗ್ಲಿಷ್ ಎಚ್‌ಟಿಎಂಎಲ್ಲನ್ನು ಬೇರೆ ಡಾಕ್ (ಕೈಪಿಡಿ, ದಾಖಲೆಗಳ) ಪ್ಯಾಕೇಜಿಗೆ ಹಾಕಿದೆ. ಡಾಕ್ ಫೋಲ್ಡರಿನಲ್ಲಿರುವ ಕಡತ ಅಳಿಸಿಹೋದರೂ ಪ್ರೋಗ್ರಾಂ ಓಡಲೇಬೇಕೆಂದು ಅಲ್ಲಿನ ನೀತಿ ಹೇಳುತ್ತದೆ. ಹಾಗೆ ಡಾಕ್ ಇಲ್ಲದ ಯಂತ್ರಗಳೂ ಇವೆ: ಕಂಟೇನರ್‌ಗಾಗಿ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪುಟ್ಟ ಪರಿಸರಕ್ಕಾಗಿ) ಕಿರಿದು ಮಾಡಿದ ಉಬುಂಟು ಇಮೇಜ್‌ಗಳು ಲೈಸೆನ್ಸ್ ಕಡತದಂಥ ಕೆಲವನ್ನಷ್ಟೇ ಇಟ್ಟುಕೊಂಡು ಉಳಿದ ಡಾಕ್‌ಗಳನ್ನೂ ಮ್ಯಾನ್ ಪುಟಗಳನ್ನೂ ಬಿಟ್ಟುಬಿಡುತ್ತವೆ. ಅಂಥ ಕಡೆಗೂ ಏನಾದರೂ ಉಳಿಯಲೆಂದು ಹೆಲ್ಪ್ ಆಯ್ಕೆಯ ಪಠ್ಯವನ್ನು ಪ್ರೋಗ್ರಾಮಿನೊಳಗೇ ಇಟ್ಟೆ.

ಎಲ್ಲವನ್ನೂ ಜಾಲತಾಣದಲ್ಲಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಜಾಲತಾಣದಲ್ಲಿರುವುದು ಹೊಸ ಆವೃತ್ತಿಯ ಕೈಪಿಡಿ. ನಿಧಾನವಾಗಿ ಬದಲಾಗುವ ಡೆಬಿಯನ್ ಸ್ಟೇಬಲ್ ಆವೃತ್ತಿ ಬಳಸುವವರ ಯಂತ್ರದಲ್ಲಿರುವುದು ಹಳೆಯ ಪ್ರೋಗ್ರಾಂ. ಇಂಟರ್ನೆಟ್ ಇಲ್ಲದ ಶಾಲೆಯ ಲ್ಯಾಬಿನಲ್ಲಿ ಆ ಕೊಂಡಿಯೂ ತೆರೆಯುವುದಿಲ್ಲ. ಹಾಗಾಗಿ ಹೆಲ್ಪ್ ಪಠ್ಯದಲ್ಲಿ ಜಾಲತಾಣದ ವಿಳಾಸಕ್ಕಿಂತ ಮೊದಲು ಯಂತ್ರದಲ್ಲೇ ಇರುವ ಕನ್ನಡ ಕೈಪಿಡಿಯ ಜಾಗವನ್ನು ಬರೆದಿದ್ದೇನೆ.