ಬಿಪಿ ರೋಗಿಯ ಕೆಲಸದ ಬಗ್ಗೆ ನಾನು ಏನೇನು ಕೇಳುತ್ತೇನೆ

ನನ್ನ ಕ್ಲಿನಿಕ್ ಇರುವುದು ಕಲಾಸಿಪಾಳ್ಯದ ಹತ್ತಿರ. ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆ ಕಡೆಯ ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವವರೇ ಇಲ್ಲಿಗೆ ಜಾಸ್ತಿ ಬರುತ್ತಾರೆ. ಬಿಪಿ ಇದ್ದವರನ್ನು ಉಪ್ಪು, ಬೀಡಿ, ಶುಗರ್ ಬಗ್ಗೆ ಎಲ್ಲ ವೈದ್ಯರೂ ಕೇಳುತ್ತಾರೆ. ನಾನು ಕೆಲಸದ ಬಗ್ಗೆಯೂ ಬಿಡಿಸಿ ಕೇಳುತ್ತೇನೆ. 'ಗ್ಯಾರೇಜ್' ಎಂದರೆ ಸಾಲದು. ಪೇಂಟಾ, ವೆಲ್ಡಿಂಗಾ, ಬ್ಯಾಟರಿಯಾ? ಕೈಗೆ ಏನು ಮೆತ್ತಿಕೊಳ್ಳುತ್ತದೆ, ಮೂಗಿಗೆ ಏನು ಹೋಗುತ್ತದೆ?

ಹಳೆ ಬ್ಯಾಟರಿ ಒಡೆದು ಸೀಸ ಬೇರೆ ಮಾಡುವವರೊಬ್ಬರು ಬರುತ್ತಿದ್ದರು. ನಲವತ್ತರ ಆಸುಪಾಸು. ಬೀಡಿ ಇಲ್ಲ, ಕುಡಿತ ಇಲ್ಲ. ಎರಡು ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿರಲಿಲ್ಲ. ಜೊತೆಗೆ ಆಗಾಗ ಹೊಟ್ಟೆ ನುಲಿಯುವ ನೋವು, ಮಲಬದ್ಧತೆ.

"ಮಧ್ಯಾಹ್ನದ ಊಟ ಎಲ್ಲಿ?"

"ಅಲ್ಲೇ ಮೇಡಂ, ಶೆಡ್ಡಲ್ಲೇ. ಕೈ ತೊಳ್ಕೊಂಡೇ ತಿಂತೀನಿ."

"ಸೋಪಲ್ಲಾ?"

"ಬರೀ ನೀರಲ್ಲಿ."

ಮೂರನೇ ಮಾತ್ರೆ ಬರೆಯುವ ಮುಂಚೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸಿದೆ. ಡೆಸಿಲೀಟರಿಗೆ 40 ಮೈಕ್ರೋಗ್ರಾಂ ದಾಟಿತ್ತು. 5 ಮುಟ್ಟಿದರೇ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು. ಅಲ್ಲಿಗೆ ಸೀಸದ ಕಾಟ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬರುತ್ತಲೇ ಇರುತ್ತದೆ. ರಕ್ತನಾಳಗಳು ಸಡಿಲವಾಗಲು ಬೇಕಾದ ನೈಟ್ರಿಕ್ ಆಕ್ಸೈಡನ್ನು ಕಡಿಮೆ ಮಾಡುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಬಿಪಿ ಏರದೆ ಇರುತ್ತದಾ? ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರೂ ಹೃದಯಕ್ಕೆ ಅಪಾಯ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೇಳಿತು. ಬೀಡಿ, ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಕೂಡ ಇದೆ ಅನ್ನುವುದು ಸೇದುವವರಿಗೆ ಗೊತ್ತೇ ಇರುವುದಿಲ್ಲ.

ಅವರ ಮಾಲೀಕರನ್ನೂ ಕರೆಸಿ ಮಾತಾಡಿದೆ. ಊಟದ ಜಾಗ ಶೆಡ್ಡಿನಿಂದ ಹೊರಗೆ ಹೋಯಿತು. ಊಟಕ್ಕೆ, ಕಾಫಿಗೆ ಮುಂಚೆ ಸೋಪು ಹಾಕಿ ಉಗುರು ಸಂದಿಯನ್ನೂ ಉಜ್ಜಬೇಕು. ಒಣ ನೆಲವನ್ನು ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸದ ಬಟ್ಟೆ, ಚಪ್ಪಲಿ ಮನೆಗೆ ಬರಬಾರದು. ಇದನ್ನು ನಾನು ತುಂಬಾ ಒತ್ತಿ ಹೇಳುತ್ತೇನೆ. ಅಪ್ಪನ ಅಂಗಿಯ ಧೂಳು ತೆವಳುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಅವರ ಮಗಳಿಗೂ ಪರೀಕ್ಷೆ ಮಾಡಿಸಿದೆವು.

ತಿಂಗಳುಗಳು ಕಳೆದಂತೆ ಅವರ ರಕ್ತದ ಸೀಸ ಇಳಿಯಿತು, ಹೊಟ್ಟೆನೋವು ನಿಂತಿತು. ಬಿಪಿ ಹತೋಟಿಗೆ ಬಂದಿದೆ, ಆದರೆ ಆ ಎರಡು ಮಾತ್ರೆ ಇನ್ನೂ ಬೇಕು. ಅವರ ಬಿಪಿಗೆ ಸೀಸವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ.

ಪೇಂಟ್ ಕೆಲಸದವರಿಗೆ ಬೇರೆ ಪ್ರಶ್ನೆ. ಹಳೆ ಬಣ್ಣ ತೆಗೆಯಲು ಬಳಸುವ ಕೆಲವು ರಿಮೂವರ್‌ಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಉಸಿರಲ್ಲಿ ಒಳಗೆ ಹೋದ ಮೇಲೆ ದೇಹ ಅದನ್ನು ಕಾರ್ಬನ್ ಮಾನಾಕ್ಸೈಡ್ ಮಾಡುತ್ತದೆ. ರಕ್ತ ಆಕ್ಸಿಜನ್ ಹೊರುವುದು ಕಡಿಮೆಯಾಗುತ್ತದೆ. ಮೊದಲೇ ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು ಬರಲು ಅಷ್ಟು ಸಾಕು. ಅಂಥವರು ಬಾಗಿಲು ಹಾಕಿದ ಕೋಣೆಯಲ್ಲಿ ಆ ಕೆಲಸ ಮಾಡಲೇಬಾರದು.

"ಡ್ರಿಪ್ ಹಾಕಿ ಸೀಸ ತೆಗೆದರೆ ಬೈಪಾಸ್ ಬೇಡವಂತೆ ಅಲ್ವಾ ಮೇಡಂ?" ಎಂದು ಕೆಲವರು ಕೇಳುತ್ತಾರೆ. ಅದು ಚಿಲೇಶನ್. ಸೀಸದ ವಿಷ ವಿಪರೀತ ಏರಿದವರಿಗೆ ಅದು ಬೇಕಾಗುತ್ತದೆ. ಹೃದಯಾಘಾತ ತಡೆಯುವ ಮಾತು ಬೇರೆ. ಶುಗರ್ ಇದ್ದು ಮೊದಲೇ ಹೃದಯಾಘಾತ ಆಗಿದ್ದವರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ರಕ್ತದ ಸೀಸ ಅರ್ಧಕ್ಕಿಂತ ಕೆಳಗಿಳಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ, ಬರೆದುಕೊಟ್ಟ ಮಾತ್ರೆ ಬಿಡಬೇಡಿ ಎನ್ನುತ್ತೇನೆ.

ಸೀಸದ ರಕ್ತಪರೀಕ್ಷೆ ಬರೆದುಕೊಡುವ ವೈದ್ಯ ಗೆಳೆಯರಿಗೆ ಒಂದು ಮಾತು: ಸೀಸ ಬಹುಪಾಲು ಕೆಂಪು ರಕ್ತಕಣಗಳಲ್ಲೇ ಇರುತ್ತದೆ. ಸೀರಂ ಕಳಿಸಿದರೆ ಪ್ರಯೋಜನವಿಲ್ಲ, ಇಡೀ ರಕ್ತವನ್ನೇ ಕಳಿಸಿ. ಸೂಜಿ ಚುಚ್ಚುವ ಮುಂಚೆ ಆ ಜಾಗವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಸಿ, ಚರ್ಮದ ಮೇಲಿನ ಧೂಳು ಸೇರಿದರೆ ಅಂಕಿ ಸುಳ್ಳು ಬರುತ್ತದೆ.