ರಜೆಯಲ್ಲಿ ಮಕ್ಕಳ ಹಟ, ಹೊಟ್ಟೆನೋವು: ನಾನು ಮಾಡಿದ್ದಿಷ್ಟು

"ಕೇಳಿದ್ದೆಲ್ಲ ಕೊಡಿಸಿದ್ವಿ, ಬೇಕಾದಷ್ಟು ಸುತ್ತಾಡಿಸಿದ್ವಿ. ಆದ್ರೂ ರಜೆಯೆಲ್ಲ ಬರೀ ಅಳು, ಹಟ, ಹೊಟ್ಟೆನೋವು." ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್ ಆಗಿರುವ ನನಗೆ ಅಪ್ಪ ಅಮ್ಮಂದಿರಿಂದ ಈ ಮಾತು ಕೇಳಿ ರೂಢಿಯಾಗಿದೆ. ಮನೆಯಲ್ಲಿ ನನಗೂ ಇಬ್ಬರು ಮಕ್ಕಳು, ಹಾಗಾಗಿ ಅವರ ಕಷ್ಟ ಚೆನ್ನಾಗಿ ಗೊತ್ತು.

ರಜೆ ಅಂದರೆ ನಮಗೆ ಬಿಡುವು. ಮಗುವಿಗೆ ಮಾತ್ರ ಗೊತ್ತಿದ್ದ ದಿನಚರಿ ಒಮ್ಮೆಲೇ ತಪ್ಪಿಹೋಗುತ್ತದೆ. ಊಟ ಎಷ್ಟೊತ್ತಿಗೆ, ರಾತ್ರಿ ಯಾರ ಪಕ್ಕ ಮಲಗಬೇಕು, ನಾಳೆ ಎಲ್ಲಿಗೆ ಹೊರಡಬೇಕು, ಯಾವುದೂ ಗೊತ್ತಿರುವುದಿಲ್ಲ. ಆ ಕಸಿವಿಸಿಯನ್ನು ಬಾಯಿಬಿಟ್ಟು ಹೇಳಲು ಚಿಕ್ಕವರಿಗೆ ಬರುವುದಿಲ್ಲ. ಅದು ಹೊಟ್ಟೆನೋವಾಗಿ, ತಲೆನೋವಾಗಿ ಹೊರಗೆ ಬರುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಬಹುದು. ಇದು ನಾಟಕ ಅಲ್ಲ, ನಿಜಕ್ಕೂ ನೋಯುತ್ತದೆ. (ಜ್ವರ, ವಾಂತಿ ಇದ್ದರೆ, ನೋವು ಬಿಡದಿದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ.)

ನಾನು ಮೋಜು ಕಡಿಮೆ ಮಾಡಲಿಲ್ಲ. ಮುಂದೆ ಏನು ಅಂತ ಮೊದಲೇ ಹೇಳುವುದನ್ನು ರೂಢಿ ಮಾಡಿಕೊಂಡೆ. ಗೋಡೆಗೆ ಒಂದು ಹಾಳೆ ಅಂಟಿಸಿದೆ. ದಿನಕ್ಕೆ ಮೂರು ಚೌಕ: ಬೆಳಗ್ಗೆ, ಮಧ್ಯಾಹ್ನ, ಸಂಜೆ. ಚಿತ್ರ ಬರೆಯುವ ಕೆಲಸ ಮಗಳದು. ಒಂದು ಚೌಕ ಖಾಲಿ ಇರಲೇಬೇಕು, ಆ ಹೊತ್ತಿನಲ್ಲಿ ಅವಳು ಸುಮ್ನೆ ಬಿದ್ದುಕೊಂಡಿದ್ದರೂ ಯಾರೂ ಕೇಳುವಂತಿಲ್ಲ. ಪ್ಲಾನ್ ಬದಲಾದರೆ ಅದನ್ನೂ ಮುಂಚೆಯೇ ಹೇಳಿ, ಹಳೆಯ ಚಿತ್ರಕ್ಕೆ ಗೀಟು ಹಾಕಿ ಪಕ್ಕದಲ್ಲಿ ಹೊಸದು ಬರೆಸುತ್ತಿದ್ದೆ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಜಿಗುಟು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 3ರಿಂದ 5ರವರಿಗೆ ಮಧ್ಯಾಹ್ನದ್ದೂ ಸೇರಿ 10ರಿಂದ 13 ಗಂಟೆ. ನಿದ್ದೆಗೆಟ್ಟ ಮಗುವಿಗೆ ಏನು ಬುದ್ಧಿ ಹೇಳಿದರೂ ತಲೆಗೆ ಹೋಗುವುದಿಲ್ಲ.

ಜನ ಸೇರುವ ಕಡೆಗೆ ಒಂದು ಗುಟ್ಟಿನ ಸನ್ನೆ ಇಟ್ಟುಕೊಂಡಿದ್ದೆವು. ಸಾಕಾಯಿತು ಅನ್ನಿಸಿದರೆ ಬಂದು ನನ್ನ ಕಿರುಬೆರಳು ಹಿಡಿಯಬೇಕು. ನಾನು ಯಾಕೆ ಅಂತ ಕೇಳುವುದಿಲ್ಲ, ಎದ್ದು ಹೊರಡುತ್ತೇನೆ. ಒಂದು ಸಂಜೆ ಮನೆ ತುಂಬಾ ನೆಂಟರು. "ಎಲ್ಲಿ, ಒಂದು ಹಾಡು ಹೇಳು ನೋಡೋಣ ಪುಟ್ಟಿ" ಅಂದರು ದೊಡ್ಡಮ್ಮ. ಉಳಿದವರು ಚಪ್ಪಾಳೆ ಶುರು ಮಾಡಿದರು. ಕಿರುಬೆರಳಿಗೆ ತಣ್ಣನೆಯ ಪುಟ್ಟ ಕೈ ಬಂತು. ಒಳಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಗಾಜಿನ ಮುಂದೆ ನಿಲ್ಲಿಸಿದೆ. "ಹಾ..." ಅಂತ ಉದ್ದಕ್ಕೆ ಉಸಿರು ಬಿಡುವುದು, ಗಾಜು ಮಸುಕಾದ ಕಡೆ ಬೆರಳಲ್ಲಿ ಮುಖ ಬರೆಯುವುದು, ಅದು ಮಾಯವಾದರೆ ಮತ್ತೆ ಉಸಿರು. ಒಳಗೆಳೆದಿದ್ದಕ್ಕಿಂತ ನಿಧಾನವಾಗಿ ಉಸಿರು ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. "ದೀರ್ಘವಾಗಿ ಉಸಿರಾಡು" ಅಂದರೆ ಮಕ್ಕಳು ಭುಜ ಏರಿಸಿ ಗಾಳಿ ತುಂಬಿಕೊಳ್ಳುತ್ತಾರೆ ಅಷ್ಟೆ. ಗಾಜು ಇದ್ದರೆ ಹೇಳಿಕೊಡುವುದೇ ಬೇಡ.

ಸ್ವಲ್ಪ ಹೊತ್ತಿಗೆ ಅವಳೇ, "ಹೋಗೋಣ, ಆದ್ರೆ ಹಾಡಲ್ಲ" ಅಂದಳು. "ಇವತ್ತು ಅವಳಿಗೆ ಹಾಡೋ ಮನಸ್ಸಿಲ್ಲ ದೊಡ್ಡಮ್ಮ" ಅಂತ ನಾನೇ ಹೇಳಿದೆ. ಅವರ ಮುಖ ಸಣ್ಣದಾಯಿತು. ಆಗಲಿ ಬಿಡಿ, ಅವರು ದೊಡ್ಡವರು, ಸುಧಾರಿಸಿಕೊಳ್ಳುತ್ತಾರೆ ಅಲ್ವಾ?

ಮಗ ದೊಡ್ಡವನು, ಅವನ ಚಿಂತೆಯೇ ಬೇರೆ. ಖರ್ಚಿನ ಬಗ್ಗೆ ನಾನೂ ನನ್ನ ಗಂಡನೂ ಜೋರಾಗಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಎದುರಿಗೆ ಕೂರಿಸಿಕೊಂಡರೆ ಅವನು ಬಾಯಿ ಬಿಡುವುದಿಲ್ಲ. ಅಕ್ಕಪಕ್ಕ ನಡೆಯುವಾಗ ಹೇಳಿದೆ: "ಈ ಸಲ ದೂರದ ಪ್ರವಾಸ ಆಗಲ್ಲ. ದುಡ್ಡಿನ ವಿಷಯ ನಾವು ನೋಡ್ಕೋತೀವಿ, ಅದು ನಿನ್ನ ತಲೆನೋವಲ್ಲ." ಆಮೇಲೆ ಅವನೇ ಒಂದೊಂದಾಗಿ ಕೇಳತೊಡಗಿದ.

ಶಾಲೆ ಶುರುವಾಗುವ ಮುಂಚಿನ ವಾರ ಮಕ್ಕಳನ್ನು ದಿನಕ್ಕೆ ಕಾಲು ಗಂಟೆಯಂತೆ ಬೇಗ ಬೇಗ ಮಲಗಿಸುತ್ತಾ ಬರುತ್ತೇನೆ. ಶಾಲೆ ಶುರುವಾಗಿ ಎರಡು ಮೂರು ವಾರವಾದರೂ ಮಗು ಸರಿಯಾಗಿ ನಿದ್ದೆ ಮಾಡದಿದ್ದರೆ, ತಿನ್ನದಿದ್ದರೆ, ಆಟಕ್ಕೂ ಏಳದಿದ್ದರೆ ಮಕ್ಕಳ ಡಾಕ್ಟರನ್ನೋ ಕೌನ್ಸೆಲರನ್ನೋ ಕಾಣಿ ಅಂತ ಪೋಷಕರಿಗೆ ಹೇಳುತ್ತೇನೆ. ಸಾಯುವ ಮಾತಾಡಿದರೆ ಅವತ್ತೇ ಹೋಗಬೇಕು.