ಬಾಕಿ ಉಳಿದ ಹನ್ನೊಂದು ವಾರಗಳು

ನಾನು ಪ್ರತಿ ತಿಂಗಳೂ ಅಕ್ಕನಿಗೆ ಒಂದು ದೀರ್ಘ ಪತ್ರ ಬರೆಯುತ್ತೇನೆ. ಅವಳಿಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ಮಾತನಾಡುವುದು ಇಬ್ಬರಿಗೂ ಆಯಾಸವಾಗತೊಡಗಿ, ನಮ್ಮ ಸುಖದುಃಖದ ಮಾತೆಲ್ಲ ಕಾಗದಕ್ಕೆ ಇಳಿಯಿತು. ಪತ್ರಕ್ಕೆ ಬೇಕಾದ ವಿಷಯವೆಲ್ಲ ನನ್ನ ದಿನಚರಿಯಿಂದಲೇ ಬರುತ್ತದೆ. ಈ ವರ್ಷ ಬಲಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರಿನಲ್ಲಿದ್ದಾಗ ಬರೆಯುವುದು ನಿಂತಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ತಪ್ಪಿದ ಅಭ್ಯಾಸ ಮರಳಿ ಬರಲಿಲ್ಲ. ಹೀಗೆ ಹನ್ನೊಂದು ವಾರಗಳ ಪುಟಗಳು ಖಾಲಿ ಉಳಿದವು. ಅಷ್ಟರಲ್ಲಿ ಅಕ್ಕನ ಸಂದೇಶ ಬಂದಿತು: “ಕೈ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತೀಯ, ಬೇರೆ ಏನು ಸಮಾಚಾರ ಎಂದರೆ ಎಲ್ಲ ಮಾಮೂಲು ಎನ್ನುತ್ತೀಯ. ಆ ಮಾಮೂಲನ್ನೇ ಬರೆ.” ಈ ಮಾತು ನನಗೆ ನಾಟಿತು. ಅವಳಿಗೆ ಬೇಕಾಗಿದ್ದುದು ನಮ್ಮ ಮನೆಯ ಸಾಧಾರಣ ದಿನಗಳು, ಮತ್ತು ಅವೇ ನನ್ನ ಕೈಗೆ ಸಿಗುತ್ತಿರಲಿಲ್ಲ.

ಮೊದಲು ನಾನು ಹಿಡಿದ ದಾರಿ ತಪ್ಪಾಗಿತ್ತು. ಬಿಟ್ಟುಹೋದ ಮೊದಲ ಸೋಮವಾರದ ತಾರೀಖನ್ನು ಪುಟದ ಮೇಲೆ ಬರೆದು ಆ ದಿನ ಏನಾಯಿತೆಂದು ಯೋಚಿಸುತ್ತ ಕುಳಿತೆ. ಎರಡು ಸಂಜೆ ಕಳೆದರೂ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ. ಇದು ನನ್ನ ಮರೆವಿನ ಫಲವೆಂದುಕೊಂಡು ಬೇಸರಪಟ್ಟಿದ್ದಾಗ, ಹಿಂದೆ ಓದಿದ್ದ ಒಂದು ಸಂಗತಿ ನೆನಪಾಯಿತು. ಡಚ್ ಮನೋವಿಜ್ಞಾನಿ ವಿಲ್ಲೆಮ್ ವಾಗೆನಾರ್ ಆರು ವರ್ಷಗಳ ಕಾಲ ತಮ್ಮ ಬದುಕಿನ ಸುಮಾರು 2400 ಘಟನೆಗಳನ್ನು ಏನು, ಯಾರು, ಎಲ್ಲಿ, ಯಾವಾಗ ಎಂಬ ನಾಲ್ಕು ಅಂಶಗಳೊಂದಿಗೆ ಬರೆದಿಟ್ಟು, ಅನಂತರ ತಮ್ಮ ನೆನಪನ್ನೇ ಪರೀಕ್ಷೆಗೆ ಒಡ್ಡಿ, 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದರು. ಏನಾಯಿತು ಎಂಬ ಸುಳಿವು ಸಿಕ್ಕಾಗ ಘಟನೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿಗೆ ಬರುತ್ತಿತ್ತು; ತಾರೀಖೊಂದೇ ಕೈಯಲ್ಲಿದ್ದರೆ ಹೆಚ್ಚುಕಡಿಮೆ ಏನೂ ಬರುತ್ತಿರಲಿಲ್ಲ. ನಾನು ಆ ಎರಡು ಸಂಜೆ ತಾರೀಖನ್ನು ಮಾತ್ರ ಹಿಡಿದು ಕುಳಿತಿದ್ದೆ. ಮೂರನೆಯ ಸಂಜೆ ದಿನಚರಿಯನ್ನು ಮುಚ್ಚಿಟ್ಟು, ಬಿಡಿ ಕಾಗದದ ಚೀಟಿಗಳನ್ನು ತೆಗೆದುಕೊಂಡು, ಒಂದೊಂದರ ಮೇಲೆ ಒಂದೊಂದೇ ಸಂಗತಿಯನ್ನು ತಾರೀಖಿಲ್ಲದೆ ಬರೆಯತೊಡಗಿದೆ.

ಸುಳಿವುಗಳಿಗಾಗಿ ಮನೆಯನ್ನೇ ಶೋಧಿಸಿದೆ. ಅಂಗಿ ಜೇಬಿನ ಬಿಲ್ಲುಗಳು, ಚೀಲದ ತಳದಲ್ಲಿ ಮುದುಡಿದ್ದ ಟಿಕೆಟ್ಟುಗಳು, ಫೋನಿನ ಕರೆಗಳ ಪಟ್ಟಿ, ಮನೆಮಂದಿಗೆ ಕಳಿಸಿದ “ಹೊರಟೆ”, “ತಡವಾಗುತ್ತದೆ” ಎಂಬಂಥ ಸಂದೇಶಗಳು, ಎಲ್ಲವೂ ಉಪಯೋಗಕ್ಕೆ ಬಂದವು. ಫೋಟೋಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ನಮ್ಮ ಫೋನಿನಲ್ಲಿಯೇ ತೆಗೆದ ಚಿತ್ರದೊಳಗೆ ತೆಗೆದ ದಿನವೂ ಗಂಟೆಯೂ ದಾಖಲಾಗಿರುತ್ತವೆ. ಬೇರೆಯವರು ಸಂದೇಶದಲ್ಲಿ ಕಳಿಸಿದ ಚಿತ್ರಗಳಲ್ಲಿ ಆ ವಿವರ ಸಾಮಾನ್ಯವಾಗಿ ಅಳಿಸಿಹೋಗಿ, ನಮಗೆ ಬಂದು ಸೇರಿದ ದಿನವೇ ಕಾಣುತ್ತದೆ. ಇದನ್ನು ಗಮನಿಸದೆ ಒಂದು ಭಾನುವಾರದ ಸುತ್ತಾಟವನ್ನು ಬುಧವಾರಕ್ಕೆ ಸೇರಿಸಿಬಿಟ್ಟಿದ್ದೆ.

ಆ ಸುತ್ತಾಟವನ್ನು ಮರಳಿ ಪಡೆದ ಬಗೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸ ಹೇಗೆ ನಡೆಯುತ್ತದೆಂಬುದು ನನಗೆ ಅರ್ಥವಾದದ್ದು ಅಲ್ಲಿಯೇ. ಪ್ಲಾಸ್ಟರ್ ಬಿಚ್ಚಿದ ವಾರ ನಾವು ಮೂವರು ಕೆರೆಯ ದಂಡೆಯ ಮೇಲೆ ನಡೆದು ಬರಲು ಹೋಗಿದ್ದೆವು. “ಕೆರೆಗೆ ಹೋದೆವು, ಚೆನ್ನಾಗಿತ್ತು” ಎಂಬುದಕ್ಕಿಂತ ಹೆಚ್ಚೇನೂ ನನಗೆ ನೆನಪಿರಲಿಲ್ಲ. ಗೆಳತಿ ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನನ್ನ ಬಲಗಾಲಿನ ಶೂಗೆ ಒಂದು ನೀಲಿ ಕರವಸ್ತ್ರ ಸುತ್ತಿರುವುದು ಕಾಣಿಸಿತು. ಅಷ್ಟು ಕಂಡದ್ದೇ ತಡ, ಉಳಿದದ್ದೆಲ್ಲ ಒಂದರ ಹಿಂದೊಂದು ಬಂದಿತು. ಎರಡು ವರ್ಷ ಡಬ್ಬಿಯಲ್ಲಿಯೇ ಇದ್ದ ಶೂಗಳನ್ನು ಅಂದು ಹಾಕಿಕೊಂಡಿದ್ದೆ. ಅರ್ಧ ದಾರಿಯಲ್ಲಿ ಅಟ್ಟೆ ಬಾಯಿ ಬಿಟ್ಟು, ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಬಡಿಯತೊಡಗಿತು. ಬೆರಳಿನಿಂದ ಮುಟ್ಟಿದರೆ ಅದರ ಮೆತ್ತನೆಯ ಪದರ ಪುಡಿಪುಡಿಯಾಗಿ ಉದುರುತ್ತಿತ್ತು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಅಟ್ಟೆ ಗಾಳಿಯ ತೇವಾಂಶದಿಂದ ನಿಧಾನವಾಗಿ ಶಿಥಿಲಗೊಳ್ಳುತ್ತದೆ, ಬಳಸದೆ ಇಟ್ಟ ಮಾತ್ರಕ್ಕೆ ಅದು ಹೊಸದಾಗಿ ಉಳಿಯುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ನನ್ನ ಬಲಗೈಯಲ್ಲಿ ಇನ್ನೂ ಬಿಗಿಹಿಡಿತ ಇರಲಿಲ್ಲವಾದ್ದರಿಂದ ಗೆಳತಿಯೇ ನೆಲದ ಮೇಲೆ ಕುಳಿತು ತನ್ನ ಕರವಸ್ತ್ರವನ್ನು ಶೂಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಗಂಟು ಹಾಕುತ್ತಲೇ, ಎಂಟು ತಿಂಗಳಿನಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ತನ್ನ ಕೆಲಸದ ತೊಂದರೆಯನ್ನು ತಲೆ ಎತ್ತದೆ ನನಗೆ ಹೇಳಿದಳು. ಇಂಥ ಗಳಿಗೆ ನನ್ನ ಮನಸ್ಸಿನಿಂದ ಜಾರಿಹೋಗಿ, ಒಂದು ಕರವಸ್ತ್ರದ ಮೂಲಕ ಮರಳಿ ಬರಬೇಕಾಯಿತೆಂಬುದು ನನ್ನನ್ನು ಈಗಲೂ ಕಲಕುತ್ತದೆ. ಅವಳ ಕಷ್ಟವೇನೆಂಬುದನ್ನು ದಿನಚರಿಯಲ್ಲಿ ಬರೆಯಲಿಲ್ಲ, ಅದು ಅವಳದು.

ಸಣ್ಣಪುಟ್ಟ ಕಿರಿಕಿರಿಗಳ ಸಮಸ್ಯೆ ಬೇರೆ ಬಗೆಯದು. ಅವು ದಿನವೂ ಒಂದೇ ರೀತಿ ನಡೆಯುವುದರಿಂದ ಒಂದರೊಳಗೊಂದು ಬೆರೆತುಹೋಗುತ್ತವೆ. 1970ರ ದಶಕದಲ್ಲಿ ಇದೇ ರೀತಿ ತಮ್ಮ ದಿನಗಳನ್ನು ವರ್ಷಗಟ್ಟಲೆ ಬರೆದಿಟ್ಟು ಪರೀಕ್ಷಿಸಿಕೊಂಡ ಅಮೆರಿಕದ ಮನೋವಿಜ್ಞಾನಿ ಮೇರಿಗೋಲ್ಡ್ ಲಿಂಟನ್ ಕೂಡ, ಮತ್ತೆ ಮತ್ತೆ ನಡೆಯುವ ಘಟನೆಗಳು ಒಂದನ್ನೊಂದು ಹೋಲುತ್ತ ಹೋಗಿ ಬಿಡಿಬಿಡಿಯಾಗಿ ಗುರುತಿಗೆ ಸಿಗದಂತಾಗುವುದನ್ನು ಕಂಡಿದ್ದರು. ನಮ್ಮ ಕಟ್ಟಡದ ಲಿಫ್ಟ್ ಎಂಟು ದಿನ ಕೆಟ್ಟು ನಿಂತದ್ದನ್ನು ಬರೆಯಲು ಹೊರಟಾಗ ನನಗಾದದ್ದೂ ಅದೇ. ಆದ್ದರಿಂದ ಎಂಟು ದಿನಗಳನ್ನೂ ನೆನೆಯುವ ಪ್ರಯತ್ನ ಬಿಟ್ಟು, ಕೆಟ್ಟ ದಿನ, ಸರಿಯಾದ ದಿನ, ಇವೆರಡರ ನಡುವೆ ಉಳಿದವಕ್ಕಿಂತ ಬೇರೆಯಾಗಿದ್ದ ಒಂದು ದಿನ, ಇಷ್ಟನ್ನು ಮಾತ್ರ ಹುಡುಕಿದೆ. ಬೇರೆಯಾಗಿದ್ದ ದಿನ ಸಿಕ್ಕಿತು: ಮೇಲಿನ ಮನೆಯ ಅಜ್ಜಿ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಉಸಿರು ಸುಧಾರಿಸಿಕೊಳ್ಳಲು ಕುಳಿತಿದ್ದರು, ನಾನೂ ಪಕ್ಕದಲ್ಲಿ ಕುಳಿತೆ, ಹದಿನೈದು ನಿಮಿಷ ಮಾತನಾಡಿದೆವು. ಐದು ವರ್ಷದ ನೆರೆಹೊರೆಯಲ್ಲಿ ನಾವು ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು.

ಕಿರಿಕಿರಿಯನ್ನು ಬರೆಯುವಾಗ “ತುಂಬಾ ಬೇಸರವಾಯಿತು” ಎಂಬ ವಾಕ್ಯವನ್ನು ನಾನು ಹೊಡೆದುಹಾಕುತ್ತೇನೆ. ಕೋಪ ಓದುವವರಿಗೆ ಏನನ್ನೂ ತೋರಿಸುವುದಿಲ್ಲ, ವಸ್ತು ತೋರಿಸುತ್ತದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದ ರಗಳೆಯನ್ನು ಹೀಗೆ ಬರೆದೆ: ರಾತ್ರಿ ಹತ್ತಕ್ಕೆ ಅದರ ಕೆಳಗೆ ಪಾತ್ರೆ ಇಟ್ಟು ಬೆಳಿಗ್ಗೆ ಆರಕ್ಕೆ ಅಳೆದಾಗ ಎರಡು ಲೀಟರ್ ನೀರಿತ್ತು, ಅಂದರೆ ದಿನಕ್ಕೆ ಆರು ಲೀಟರ್, ತಿಂಗಳಿಗೆ 180 ಲೀಟರ್. ಕೈ ಸ್ವಲ್ಪ ಬಲಿತ ಮೇಲೆ ನೀರಿನ ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರಿನ ಮೇಲೆ ಉಂಗುರದಂಥ ಆಳವಾದ ಗುರುತು ಬಿದ್ದಿತ್ತು. ಅತಿಯಾಗಿ ಬಿಗಿದರೆ ವಾಷರ್ ಬೇಗ ಸವೆಯುತ್ತದೆ. ಆರು ವಾರ ಎಡಗೈಯಲ್ಲಿ ಅಂದಾಜು ಸಿಗದೆ ಜೋರಾಗಿ ತಿರುಗಿಸುತ್ತಿದ್ದುದು ನಾನೇ. ಹೊಸ ವಾಷರ್ ಹಾಕಿದ ರಾತ್ರಿ ಅಡುಗೆಮನೆ ನಿಶ್ಶಬ್ದವಾಗಿದ್ದುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ.

ಊಹೆಯಿಂದ ತುಂಬಬಾರದೆಂಬ ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆ. ಖಚಿತವಾದದ್ದನ್ನು ಪೆನ್ನಿನಲ್ಲಿ, ಅನುಮಾನವಿದ್ದದ್ದನ್ನು ಪೆನ್ಸಿಲಿನಲ್ಲಿ ಬರೆದೆ. ಕೆರೆಯ ದಂಡೆಗೆ ಮಗಳೂ ಬಂದಿದ್ದಳೆಂದು ಪೆನ್ನಿನಲ್ಲಿಯೇ ಬರೆದಿದ್ದೆ. ಅವಳು ದಾರಿಯಲ್ಲಿ ಆಡಿದ ಮಾತು ಕೂಡ ಕಿವಿಯಲ್ಲಿತ್ತು. ಆದರೆ ಅಂದು ಮಧ್ಯಾಹ್ನ ಅವಳು ಗ್ರಂಥಾಲಯದಿಂದ ಕಳಿಸಿದ ಸಂದೇಶ ಸಿಕ್ಕಾಗ, ಹಿಂದಿನ ಯಾವುದೋ ನಡಿಗೆಯ ಮಾತನ್ನು ಇದಕ್ಕೆ ಜೋಡಿಸಿಕೊಂಡಿದ್ದೇನೆಂದು ಗೊತ್ತಾಯಿತು. ಮೂರನೆಯವನು ಗೆಳತಿಯ ತಮ್ಮ. ಅವನನ್ನು ಪೂರ್ತಿ ಮರೆತು, ಇಷ್ಟವಾದವಳನ್ನು ಆ ಜಾಗದಲ್ಲಿ ನಿಲ್ಲಿಸಿದ್ದೆ. ಆಮೇಲೆ ಪೆನ್ನಿನ ಬರಹವನ್ನೆಲ್ಲ ಇನ್ನೊಮ್ಮೆ ಪರಿಶೀಲಿಸಿದೆ.

ಚೀಟಿಗಳು ಅರವತ್ತರ ಸಮೀಪ ಬಂದ ಮೇಲೆ ಅವನ್ನು ನೆಲದ ಮೇಲೆ ಹರಡಿ, ಪ್ಲಾಸ್ಟರ್ ಹಾಕಿದ ದಿನ, ಬಿಚ್ಚಿದ ದಿನ, ಲಿಫ್ಟ್ ಕೆಟ್ಟ ದಿನಗಳನ್ನು ಗೂಟಗಳಂತೆ ಇಟ್ಟುಕೊಂಡು, ಉಳಿದವನ್ನು ಅವುಗಳ ಹಿಂದೆ ಮುಂದೆ ಜೋಡಿಸಿದೆ. ತಾರೀಖುಗಳು ಕೊನೆಯಲ್ಲಿ ಬಂದವು. ಒಟ್ಟು ಒಂಬತ್ತು ಸಂಜೆ ಹಿಡಿಯಿತು. ನಾಲ್ಕನೆಯ ವಾರದ ಮೂರು ದಿನಗಳು ಯಾವ ಸುಳಿವಿಗೂ ಸಿಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಅಕ್ಕನಿಗೆ ಹೋದ ಪತ್ರ ಹದಿನಾಲ್ಕು ಪುಟದ್ದಾಯಿತು. ಅವಳ ಉತ್ತರ ಮೊನ್ನೆ ಬಂದಿತು. ಕೈ ನೋವಿನ ಬಗ್ಗೆ ಒಂದು ಸಾಲು, ಮೆಟ್ಟಿಲ ಮೇಲಿನ ಅಜ್ಜಿ ಈಗ ಹೇಗಿದ್ದಾರೆ ಎಂಬ ಪ್ರಶ್ನೆ, ಆಮೇಲೆ ಎರಡು ಪುಟ ತುಂಬ ಅವಳ ಕಿವಿಯ ಯಂತ್ರದ ಬ್ಯಾಟರಿ ಮಂಚದ ಕೆಳಗೆ ಉರುಳಿಹೋದ ಕಥೆ.